ದರಗಿನ ಹೊದಿಕೆ

ಮೇಗುಂದದಲ್ಲಿ ನಮಗೊಂದು ಸೊಪ್ಪಿನ ಬೆಟ್ಟವಿದೆ. ಕೊಟ್ಟಿಗೆಗೆ ಹಾಸುವ ಒಣ ಎಲೆ, ಅಂದರೆ ದರಗು, ಬರುವುದು ಅಲ್ಲಿಂದಲೇ. ಸಂಶೋಧನೆಗೆಂದು ಅಲ್ಲಿಗೆ ಬರುತ್ತಿದ್ದ ಒಬ್ಬರನ್ನು ನಾವು ಮಣ್ಣಿನ ಮೇಡಂ ಎನ್ನುತ್ತಿದ್ದೆವು. ಮರಗಳ ನಡುವೆ ಹಗ್ಗ ಕಟ್ಟಿ ಅವರೊಂದು ಜಾಗ ಗುರುತಿಸಿದ್ದರು. ಉದುರಿದ ದರಗನ್ನು ವರ್ಷಗಟ್ಟಲೆ ಯಾರೂ ಮುಟ್ಟದಿದ್ದರೆ ಮಳೆಗೆ ಎಷ್ಟು ಮಣ್ಣು ಕೊಚ್ಚಿಹೋಗದೆ ಉಳಿಯುತ್ತದೆ ಎಂದು ನೋಡಬೇಕಿತ್ತು.

ಯಾರೋ ಮಲಗಿದ ಕೋಣೆಗೆ ಹೋಗುವವರಂತೆ ಅವರು ಚಪ್ಪಲಿ ಆಚೆಯೇ ಬಿಡುತ್ತಿದ್ದರು. ಕುಕ್ಕರಗಾಲಲ್ಲಿ ಕೂತು ದರಗಿನಡಿಯ ಮಣ್ಣಿಗೆ ಅಂಗೈ ತಾಗಿಸಿ ಕಣ್ಣು ಮುಚ್ಚುವರು. ನಾನೇನಾದರೂ ಕೇಳಿದರೆ, "ಮಲಗಿದೆ, ಎಬ್ಬಿಸಬೇಡಿ" ಅನ್ನುವರು. ಎಲೆಗಳ ಸಂದಿನ ಬಿಸಿಲು ಅವರ ಬೆನ್ನ ಮೇಲೆ ತೂಗಾಡುತ್ತಿತ್ತು. ನೋಡುತ್ತ ನೋಡುತ್ತ ನನಗೂ ಜೊಂಪು ಹತ್ತುತ್ತಿತ್ತು.

ಒಂದು ಸಲ ಆ ಜಾಗ ನೋಡಲು ಅವರ ಮೇಲಿನವರು ಬರುವುದೆಂದಾಯಿತು. ಮೊದಲೇ ಬಂದ ಮೇಡಂಗೆ ಅಮ್ಮ ಹೆಮ್ಮೆಯಿಂದ ಹೇಳಿದಳು: "ಹಗ್ಗದ ಒಳಗೆಲ್ಲ ಗುಡಿಸಿ ಚೊಕ್ಕ ಮಾಡಿದೀನಿ ಮಾರಾಯ್ರೆ. ದೊಡ್ಡವರು ಬರೋವಾಗ ಕಸ ಇರ್ಬಾರ್ದಲ್ಲ!"

ಮೇಡಂ ಬರಿಮಣ್ಣಿನ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಕೂತರು. ಆ ಮುಖ ನೋಡಿಯೇ ಅಮ್ಮನಿಗೆ ತನ್ನ ತಪ್ಪು ತಿಳಿಯಿತು.

"ದರಗು ಎಲ್ಲಿದೆ ಅಮ್ಮ?" ಎಂದು ಮೇಡಂ ಕೇಳಿದರು.

ಕೊಟ್ಟಿಗೆಗೆ ಕರೆದೊಯ್ದೆವು. ಅವರ ಅಷ್ಟು ವರ್ಷಗಳ ಕೆಲಸ ಅಲ್ಲಿ ನೆಲಕ್ಕೆ ಹಾಸಿತ್ತು. ಅದರ ಮೇಲೆ ಎಳೆಗರುವೊಂದು ಮುದುಡಿಕೊಂಡಿತ್ತು.

"ಇದನ್ನ ಏಳಿಸಿ, ಎಲ್ಲಾ ವಾಪಸ್ ಹೊತ್ತು ಹಾಕ್ತೀನಿ" ಎನ್ನುತ್ತ ಅಮ್ಮ ಬಾಗಿದಳು.

ಮೇಡಂ ಅವಳ ಕೈ ಹಿಡಿದುಕೊಂಡರು.

"ಮಲಗಿದೆ, ಎಬ್ಬಿಸಬೇಡಿ."