ಆರನೇ ಬೆಡ್ಡಿನ ಸಿಸ್ಟರ್

ನನ್ನ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಕೇಸ್ ಪೇಪರಿನಲ್ಲಿ ಬರೆದು, ಬಲಗೈಯನ್ನು ಮಂಚದ ಕಂಬಿಗೆ ಕಟ್ಟಿ, ನನ್ನ ಹೃದಯದ ವಿಚಾರವನ್ನು ನನ್ನನ್ನೊಬ್ಬಳನ್ನು ಬಿಟ್ಟು ಉಳಿದವರೊಡನೆ ಚರ್ಚಿಸಲಾಯಿತು. ಇದು ನನಗಾದ ಅನ್ಯಾಯ. ಈಗ ಗುಣವಾಗಿದ್ದೇನೆ, ಆದ್ದರಿಂದ ಕ್ರಮವಾಗಿ ಬರೆಯಬಲ್ಲೆ.

ಆ ಬೆಳಿಗ್ಗೆ ಕುರ್ಲಾ ಸ್ಟೇಷನ್ನಿನ ಸೇತುವೆ ಹತ್ತುತ್ತಿದ್ದೆ. ಏಳೆಂಟು ಮೆಟ್ಟಿಲು. ಕಣ್ಣು ಕತ್ತಲೆ ಬಂತು. ಕಂಬಿಗೆ ಒರಗಿ ನನ್ನ ನಾಡಿಯನ್ನು ನಾನೇ ಹಿಡಿದು ನೋಡಿದೆ. ಬಹಳ ನಿಧಾನ. ಆಮೇಲಿನದು ನೆನಪಿಲ್ಲ.

ಹಾರ್ಟ್ ಬ್ಲಾಕ್, ಹೃದಯದ ಮಿಡಿತವೇ ತಡೆದು ನಿಧಾನವಾಗಿದೆ ಎಂದರು. ಕುತ್ತಿಗೆಯ ರಕ್ತನಾಳದಿಂದ ತಂತಿ ಇಳಿಸಿ ಟೆಂಪರರಿ ಪೇಸ್‌ಮೇಕರ್ ಹಾಕಿದರು. ಮರುದಿನ ರೌಂಡ್ಸಿನಲ್ಲಿ ನನ್ನ ಆರನೇ ಬೆಡ್ಡಿಗೆ ಬಂದ ಕಿರಿಯ ಡಾಕ್ಟರು ಮರಾಠಿಯಲ್ಲಿ ಹೆಸರು ಕೇಳಿದರು: “ಆಜೀ, ತುಮ್ಚಂ ನಾವ್ ಕಾಯ್?”

“ಸಿಸ್ಟರ್,” ಎಂದೆ.

ಅವರು ನಕ್ಕು ‘ಕನ್ಫ್ಯೂಸ್ಡ್’ ಎಂದು ಬರೆದರು.

ಮೂವತ್ತನಾಲ್ಕು ವರ್ಷ ದಾದರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು ನಾನು. ಇಂದಿಗೂ ಬಿ.ಪಿ. ನೋಡಿಸಿಕೊಳ್ಳಲು ಬಾಗಿಲು ತಟ್ಟುವ ಬಿಲ್ಡಿಂಗಿನವರಿಗೆ ನಾನು ಸಿಸ್ಟರ್. ಮಗನಿಗೆ ಅಮ್ಮ, ಸೊಸೆಗೆ ಅತ್ತೆ. ಗಿರಿಜಾ ಎಂದು ಕರೆಯುತ್ತಿದ್ದವಳು ನನ್ನ ಅಕ್ಕ ಒಬ್ಬಳೇ. ಅವಳು ತೀರಿಕೊಂಡು ಬಹಳ ವರ್ಷವಾಯಿತು. ಔಷಧಿಯ ಮಂಪರಿನಲ್ಲಿ ನಾಲಗೆಗೆ ಮೊದಲು ಸಿಕ್ಕಿದ್ದನ್ನು ಹೇಳಿದ್ದೆ.

ಮಗ ಪಕ್ಕದಲ್ಲೇ ನಿಂತಿದ್ದ. ಅಮ್ಮ ನರ್ಸ್ ಆಗಿದ್ದವಳೆಂದು ಡಾಕ್ಟರಿಗೆ ತಿಳಿಸಲಿಲ್ಲ.

ತಂತಿ ಎಳೆದುಕೊಂಡೇನೆಂದು ಕೈ ಕಟ್ಟಿದರು. ಪರ್ಮನೆಂಟ್ ಪೇಸ್‌ಮೇಕರ್ ಬೇಕೆಂಬುದನ್ನು ಡಾಕ್ಟರು ಅವನಿಗೆ ವಿವರಿಸತೊಡಗಿದರು. “ನನಗೆ ಹೇಳಿ,” ಎಂದೆ.

“ಅಮ್ಮ, ನೀನು ಟೆನ್ಶನ್ ಮಾಡ್ಬೇಡ. ನಾನುಂಟಲ್ಲ,” ಎಂದ ಮಗ, ಡಾಕ್ಟರ ಕಡೆ ತಿರುಗಿ, “ಸೈನ್ ಕಹಾಂ ಕರ್ನಾ ಹೈ?” ಎಂದು ಸಹಿ ಹಾಕುವ ಜಾಗ ಕೇಳಿದ.

ರೋಗಿ ವಾದಿಸಿದಷ್ಟೂ ಕೇಸ್ ಪೇಪರಿನ ಆ ಪದ ಗಟ್ಟಿಯಾಗುತ್ತದೆ. ಅದು ನನಗೆ ತಿಳಿಯದ್ದೇ?

ಮಧ್ಯಾಹ್ನದ ಪಾಳಿಯ ನರ್ಸ್ ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿಸಿತು. ವಿಜಯಪುರದ ಕಡೆಯ ಹುಡುಗಿ. ಕರೆದೆ.

“ಸುಮ್ನ ಮಲಕೋರಿ ಅಜ್ಜಿ. ಕೈ ಬಿಚ್ಚಾಂಗಿಲ್ಲ.”

“ಬಿಚ್ಚಬೇಡ ಮಾರಾಯ್ತಿ. ಕಟ್ಟಿನೊಳಗೆ ಎರಡು ಬೆರಳು ಹೋಗಬೇಕು. ಹೋಗ್ತದಾ ನೋಡು.”

ಒಂದೂ ಹೋಗಲಿಲ್ಲ.

“ಕೈ ಊದಿದೆ. ಎಷ್ಟೊತ್ತಿಗೆ ಕಟ್ಟಿದ್ದು, ಎಷ್ಟೊತ್ತಿಗೆ ನೋಡಿದ್ದು, ಬರೆದಿದ್ದೀರಾ?”

“ಅಯ್ಯ ಶಿವನ! ನೀವು ಸ್ಟಾಫ್ ನರ್ಸ್ ಇದ್ರೇನ್ರಿ? ಹೆಸರೇನ್ರಿ ನಿಮ್ದು?”

“ಗಿರಿಜಾ.”

ಪರಿಚಯವಿಲ್ಲದ ಯಾರದೋ ಹೆಸರು ಹೇಳಿದಂತಾಯಿತು.

ಅವಳು ಕೈ ಬಿಚ್ಚಿ, ದೊಡ್ಡ ಡಾಕ್ಟರನ್ನೇ ಕರೆತಂದಳು. ಅವರು ಹೆಸರು, ವಾರ, ಸ್ಥಳ ಎಲ್ಲವನ್ನೂ ಕೇಳಿ, ‘ಕನ್ಫ್ಯೂಸ್ಡ್’ ಎಂಬ ಪದದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿದರು. ಕುರ್ಚಿ ಎಳೆದುಕೊಂಡು ಕೂತು ಪೇಸ್‌ಮೇಕರಿನ ಬಗ್ಗೆ ನನಗೇ ವಿವರಿಸಿದರು. ನಾಲ್ಕು ಪ್ರಶ್ನೆ ಕೇಳಿದೆ. ಒಪ್ಪಿದೆ. ಊದಿದ ಕೈಯಿಂದಲೇ ಸಹಿ ಹಾಕಿದೆ.

ಈಗ ಎರಡು ಮಹಡಿ ನಿಲ್ಲದೆ ಹತ್ತುತ್ತೇನೆ. ಎದೆಯೊಳಗಿನ ಯಂತ್ರಕ್ಕೂ ಆ ಹುಡುಗಿಗೂ ಋಣಿ. ಈ ನೆಮ್ಮದಿಯಲ್ಲಿ ಒಂದನ್ನು ಒಪ್ಪಿಕೊಳ್ಳಲೇಬೇಕು: “ಒಂಬತ್ತಕ್ಕೆ ಇಂಜೆಕ್ಷನ್ ಆಯ್ತಾ?” ಎಂದು ವಾರ್ಡಿನುದ್ದಕ್ಕೆ ಕೂಗಿದವಳು ನಾನೂ ಹೌದು. ಒಂಬತ್ತನೇ ಬೆಡ್ಡಿನಲ್ಲಿ ಮಲಗಿದ್ದವರ ಹೆಸರು ಒಂದೂ ನೆನಪಿಲ್ಲ. ಯೂನಿಫಾರ್ಮನ್ನು ದಿನವೂ ಕಳಚಿಟ್ಟೆ, ‘ಸಿಸ್ಟರ್’ ಎಂಬುದನ್ನು ಕಳಚಲಿಲ್ಲ; ಅದೇ ನಾನು ಎಂದುಕೊಂಡಿದ್ದೆ. ಮಂಚದ ಮೇಲೆ ಮಲಗಿದೊಡನೆ ಅದನ್ನು ತೆಗೆದು ‘ಪೇಶಂಟ್’ ಎಂದು ಅಂಟಿಸಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಎರಡೂ ಇಲ್ಲದ ಒಬ್ಬಳು ಉಳಿದಿದ್ದಳೆಂಬುದೇ ನನಗೆ ಈಗಿನ ಸಮಾಧಾನ.

ನಾನು ಒಪ್ಪಿದ್ದರಿಂದ ಎಲ್ಲರಿಗೂ ಅನುಕೂಲವಾಯಿತು. ಆದರೂ ಆ ಕಿರಿಯ ಡಾಕ್ಟರನ್ನೂ ನನ್ನ ಮಗನನ್ನೂ ಕೇಳುತ್ತೇನೆ: ಹೆಸರು, ವಾರ, ಸ್ಥಳ ಎಲ್ಲವನ್ನೂ ಸರಿಯಾಗಿ ಹೇಳಿದ ಮೇಲೆ ನಾನು ‘ಪೇಸ್‌ಮೇಕರ್ ಬೇಡ’ ಎಂದಿದ್ದರೆ, ನನ್ನ ಬುದ್ಧಿ ಸರಿಯಿದೆಯೆಂದು ನೀವು ಆಗಲೂ ನಂಬುತ್ತಿದ್ದಿರಾ?