ಮಡಿಕೆ ಬಿಚ್ಚದ ಸೀರೆ

ಕುಂಬ್ರದ ಮನೆಯ ಬೇಡದ ಸಾಮಾನು ಹೊರಹಾಕುವಾಗ ನನ್ನದು ಒಂದೇ ಹಟ: ವರ್ಷದಿಂದ ಮುಟ್ಟದ್ದು ಯಾವುದೂ ಇರಬಾರದು. ಅಮ್ಮನ ಪೆಟ್ಟಿಗೆಯಲ್ಲಿ ಮಡಿಕೆ ಬಿಚ್ಚದ ಹಸಿರು ಸೀರೆ ಸಿಕ್ಕಿತು. ಕೇಳದೆಯೇ ಮಗಳಿಗೆ ಉಡಿಸಿದೆ.

ಅಮ್ಮ ಕಂಡವಳೇ ಚೀರಿದಳು. "ಬಿಚ್ಚಿಸು! ಅದು ನಿನ್ನ ಅಕ್ಕನ ಮದುವೆಗೆ ಇಟ್ಟದ್ದು."

ಅಕ್ಕ ತೊಟ್ಟಿಲಲ್ಲೇ ಸತ್ತವಳು. ಹಾಗೆ ಸತ್ತವರಿಗೂ ಪ್ರಾಯ ಬಂದಾಗ, ಸತ್ತ ಹುಡುಗನನ್ನೇ ಹುಡುಕಿ ಮದುವೆ ಮಾಡುವುದು ನಮ್ಮಲ್ಲಿ ಉಂಟು. ಅಕ್ಕನಿಗೆ ಮಾತ್ರ ಇಷ್ಟು ವರ್ಷವಾದರೂ ಗಂಡು ಕೂಡಿಬಂದಿರಲಿಲ್ಲ.

"ಸತ್ತವರಿಗೆ ಎಂತ ಸೀರೆ ಅಮ್ಮ?" ಎಂದು ರೇಗಿದೆ.

ಅಷ್ಟರಲ್ಲಿ ಅಮ್ಮ ಬರಹೇಳಿದ್ದ ಸವಣೂರಿನವರು ಅಂಗಳಕ್ಕೆ ಬಂದೇಬಿಟ್ಟರು. ತೀರಿಹೋದ ಮಗನಿಗೆ ಅಕ್ಕನನ್ನು ಕೇಳಲು ಬಂದವರು. ಆ ಹುಡುಗನ ತಾಯಿ ಹಸಿರು ಸೀರೆಯನ್ನೇ ನೋಡಿದರು. ಹೆಣ್ಣಿಗೆಂದು ತಂದಿದ್ದ ಮಲ್ಲಿಗೆಯನ್ನು ಬಾಳೆಲೆಯಿಂದ ಬಿಡಿಸಿ, ನೇರ ಬಂದು ನನ್ನ ಮಗಳ ಮುಡಿಗೆ ಸಿಕ್ಕಿಸಿದರು.