ಕಾಣೆಯಾಗದ ಗಂಗವ್ವನನ್ನು ಹುಡುಕಿಕೊಂಡು

ಹೆಸರು, ಊರು, ವಯಸ್ಸು ಮೂರೂ ನೆಟ್ಟಗಿದ್ದರೆ ಮನುಷ್ಯ ಎಲ್ಲಿಯೂ ಕಳೆದುಹೋಗಲಾರ ಎಂಬುದು ದಫ್ತರದ ದೃಢ ನಂಬಿಕೆ. ನಮ್ಮ ಹುಚ್ಚರ ಆಸ್ಪತ್ರೆಯ ಮುದುಕಿಗೆ ಮೂರೂ ಇದ್ದವು: ಗಂಗವ್ವ, ಮಸಗುಪ್ಪಿ, ಅರವತ್ತು. ಆದರೂ ಕಳೆದೇ ಹೋಗಿದ್ದಳು. ರೈಲು ನಿಲ್ದಾಣದಲ್ಲಿ ಅಲೆಯುತ್ತಿದ್ದವಳನ್ನು ಪೊಲೀಸರು ತಂದುಬಿಟ್ಟಿದ್ದರು. ಗಂಡನ ಹೆಸರು ಕೇಳಿದರೆ ಬಾಯಿಗೆ ಸೆರಗು ಹಿಡಿದಳು. ಪರವೂರಿನ ಡಾಕ್ಟರರು 'ಮರೆವು' ಎಂದು ಬರೆಸಿದರು. ಈಗ ಬಹಳಷ್ಟು ಗುಣವಾಗಿದ್ದಳು. ಆದರೆ ಅಂಥವರು ಯಾರೂ ಕಾಣೆಯಾಗಿಲ್ಲವೆಂದು ಮಸಗುಪ್ಪಿಯಿಂದ ಉತ್ತರ ಬಂದಿತ್ತು. ಶನಿವಾರದೊಳಗೆ ಮನೆಯವರು ಸಿಗದಿದ್ದರೆ ದೂರದ ದೊಡ್ಡ ಆಸ್ಪತ್ರೆಯ ಕಾಯಂ ವಾರ್ಡು. ಅಲ್ಲಿಂದ ಮರಳಿದವರನ್ನು ನಾನು ಕಂಡಿಲ್ಲ. ಗುರುವಾರ ಡಾಕ್ಟರರು ಗುಮಾಸ್ತನಾದ ನನ್ನನ್ನು ಮಸಗುಪ್ಪಿಗೆ ಓಡಿಸಿದರು.

ಗೋಕಾಕದಲ್ಲಿ ರೊಟ್ಟಿ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ಮುಂಬಯಿ ರಾಜ್ಯದ ಕೆಂಪು ಬಸ್ಸು ಮೂಡಲಗಿ ರಸ್ತೆಯಲ್ಲಿ ಎರಡು ಸಲ ಕೆಟ್ಟು ನಿಂತಿತು. ಮಸಗುಪ್ಪಿಯ ಚಾವಡಿ ತಲುಪಿದಾಗ ಬಿಸಿಲು ಇಳಿದಿತ್ತು.

"ಗಂಗವ್ವ ಕಳದಿಲ್ರಿ. ಕಳದದ್ದು ಒಂದು ಎಮ್ಮಿ, ಅದೂ ನಿನ್ನೆ ಸಿಕ್ಕೈತಿ," ಎಂದ ಒಬ್ಬ.

ಮೂಲೆಯಲ್ಲಿದ್ದ ಸತ್ಯಪ್ಪನೆಂಬ ಮುದುಕ ಕೆಮ್ಮಿದ. "ನಮ್ಮ ತಂಗಿ ಗಂಗಿ ಅದಾಳ್ರಿ. ಘೋಡಗೇರಿಗೆ ಕೊಟ್ಟೇವಿ."

"ಮೊದಲೇ ಯಾಕೆ ಹೇಳಲಿಲ್ಲ?"

"ಮಸಗುಪ್ಪ್ಯಾಗ ಯಾರ ಕಳದಾರಂತ ಕೇಳಿದ್ರಿ. ಕೊಟ್ಟ ಹೆಣ್ಣು ಈ ಊರಾಕಿ ಹೆಂಗ ಆದಾಳು?"

ಶುಕ್ರವಾರ ಧುಪದಾಳದ ಒಡ್ಡಿನ ಮೇಲೆ ನೀರು ಹೊರಳುತ್ತಿತ್ತು. ನೋಡುವ ಮನಸ್ಸಿರಲಿಲ್ಲ. ಚಕ್ಕಡಿ ಹಿಡಿದು ಹುಕ್ಕೇರಿ ತಾಲೂಕಿನ ಘೋಡಗೇರಿಗೆ ಹೋಗಿ, ಸತ್ಯಪ್ಪ ಗುರುತು ಹೇಳಿದ ಮನೆಯ ಮುಂದೆ ಇಳಿದೆ. ಗಂಗವ್ವ ನಮ್ಮ ಆಸ್ಪತ್ರೆಯಲ್ಲಿದ್ದಾಳೆ ಎಂದಾಗ ಮನೆಯ ಯಜಮಾನ ಮಲ್ಲಪ್ಪ ನನ್ನನ್ನೇ ದಿಟ್ಟಿಸಿದ.

"ಗಂಗವ್ವ ಅಂದ್ರ ನಮ್ಮ ಆಯಿರಿ, ಅಪ್ಪನ ತಾಯಿ. ಸತ್ತು ಭಾಳ ವರ್ಷಾತು. ಆಕೀನ ಎಲ್ಲಿ ಇಟ್ಕೊಂಡೀರಿ?"

"ನಿಮ್ಮ ತಾಯಿ?"

"ಕಾಶವ್ವ. ಸುಗ್ಗಿಯಿಂದ ಪತ್ತೇನ ಇಲ್ಲ. ಕಾಶವ್ವನ್ನ ಕಂಡೀರೇನಂತ ಕೇಳದ ಊರಿಲ್ರಿ."

ಬಾಜೂ ಕಟ್ಟೆಯ ಮುದುಕಿ ನಕ್ಕಳು. "ಏ ಮಲ್ಯಾ, ಅತ್ತಿ ಹೆಸರೂ ಗಂಗವ್ವ, ಸೊಸಿ ಹೆಸರೂ ಗಂಗವ್ವ. 'ಗಂಗೀ, ಸಗಣಿ ಬಳಿ' ಅಂದ್ರ ಅತ್ತೀಗಿ ಅಂದಂಗ ಆಗತಿತ್ತಲ್ಲೋ! ಲಗ್ನದಾಗ ಅಕ್ಕಿಕಾಳು ಬಿದ್ದ ದಿನಾನ ನಿಮ್ಮವ್ವನ್ನ ಕಾಶವ್ವ ಮಾಡಿದ್ವಿ."

ಮಗನಿಗೇ ಇದು ತಿಳಿದಿರಲಿಲ್ಲ. ಆಸ್ಪತ್ರೆಯ ಮುದುಕಿ ಹೇಳಿದ್ದು ತವರಿನ ಹೆಸರು, ತವರಿನ ಊರು ಇರಬೇಕೆಂದು ಮಲ್ಲಪ್ಪನನ್ನು ಕರೆದುಕೊಂಡು ಹೊರಟೆ. ಅಲ್ಲಿರುವವಳು ಬೇರೆ ಯಾರದೋ ತಾಯಿಯಾಗಿದ್ದರೆ?

ಶನಿವಾರ ಆಸ್ಪತ್ರೆಯ ಬಾಗಿಲಲ್ಲಿ ಮಲ್ಲಪ್ಪ "ಯವ್ವಾ" ಎಂದ. ಮುದುಕಿ ತಲೆಯೆತ್ತಿದಳು.

"ಎಷ್ಟ ಸೊರಗೀಯೋ! ಸೊಸಿ ಉಣ್ಣಾಕ ನೀಡವಲ್ಲಳೇನ?"

ಸಂಜೆಯ ಗಾಡಿಗೆ ತಾಯಿ ಮಗ ಹೊರಟರು. ಸೋಮವಾರ, ವಾರ್ಡಿನಲ್ಲಿ ಉಳಿದ ಮುದುಕಿಯರನ್ನು ಮದುವೆಯಲ್ಲಿ ಇಟ್ಟ ಹೆಸರೇನೆಂದು ಮತ್ತೆ ಕೇಳಿದೆವು. ಮೂವರು ಬೇರೆ ಹೆಸರು ಹೇಳಿದರು.